ಪವರ್ ಒತ್ತಿದ ಮೊದಲ ಎರಡು ಸೆಕೆಂಡು

(ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ಮಾಡುವವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಬೋರ್ಡ್ ಮೇಲೆ ಚಿತ್ರ ಬಿಡಿಸಿ ಹೇಳಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ರೋಗ ಏನು ಅಂತ ಮೊದಲು ಹೇಳಿಬಿಡುತ್ತೇನೆ.

ಒಂದು ಹಳೆಯ ನಿಂಟೆಂಡೊ ಎನ್‌ಇಎಸ್ ಕನ್ಸೋಲ್ ಇದೆ. ಕಂಟ್ರೋಲರ್ ಸಿಕ್ಕಿಸುವ ಜಾಗದಲ್ಲಿ ಕಂಟ್ರೋಲರ್ ಬದಲು ಒಂದು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ ಕೂತಿದೆ. ಯಾವ ಫ್ರೇಮಿನಲ್ಲಿ (ಪರದೆ ಮೇಲೆ ಬರುವ ಒಂದೊಂದು ಚಿತ್ರವೂ ಒಂದು ಫ್ರೇಮ್) ಯಾವ ಬಟನ್ ಒತ್ತಬೇಕು ಅನ್ನುವ ಪಟ್ಟಿ ಪೈ ಒಳಗೆ ರೆಡಿ ಇದೆ. ಪವರ್ ಹಾಕಿದರೆ ಮಾರಿಯೋ ತಾನೇ ಓಡಬೇಕು. ಒಂದು ಸಲ ಓಡುತ್ತಾನೆ, ಧ್ವಜದ ಕಂಬದವರೆಗೂ ಹೋಗುತ್ತಾನೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ದಾರಿಯಲ್ಲಿ ಎದುರಾಗುವ ಪುಟ್ಟ ಶತ್ರು, ಆ ಮೊದಲ ಗೂಂಬಾಕ್ಕೇ ಡಿಕ್ಕಿ ಹೊಡೆದು ಸಾಯುತ್ತಾನೆ. ಕೋಡ್ ಬದಲಾಗಿಲ್ಲ. ವೈರ್ ಬದಲಾಗಿಲ್ಲ. ಮೂರನೇ ಸಲ ಮತ್ತೆ ಸರಿ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಒಂದೇ ಕಡೆ ಹೋಗುತ್ತದೆ. ಸ್ಕ್ರಿಪ್ಟಿನ ಮೇಲೆ ‘ಸ್ಲೀಪ್ 5’ ಅಂತ, ಅಂದರೆ ಐದು ಸೆಕೆಂಡ್ ಸುಮ್ಮನಿರು ಅಂತ, ಒಂದು ಸಾಲು ಬೀಳುತ್ತದೆ. ಅದರಿಂದ ಆಗದಿದ್ದರೆ 7. ಆಮೇಲೆ 6.5. ಒಂದು ದಿನ ಕೆಲಸ ಮಾಡುತ್ತದೆ. ಮಾರನೇ ದಿನ ಎಸ್‌ಡಿ ಕಾರ್ಡ್ ಬದಲಾಯಿಸಿದರೆ ಮತ್ತೆ ಹಳೇ ಕತೆ. ಈ ಸ್ಲೀಪ್ ಅನ್ನೋದನ್ನು ಕಿತ್ತು ಹಾಕಿ, ಅದರ ಜಾಗದಲ್ಲಿ ಏನು ಇಡಬೇಕು ಅನ್ನುವುದೇ ಇವತ್ತಿನ ಮಾತು.

ಯಾಕೆ ಇದನ್ನೆಲ್ಲ ಮಾಡುತ್ತಾರೆ ಅಂತ ಕೆಲವರಿಗೆ ಅನ್ನಿಸಬಹುದು. ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್, ಚಿಕ್ಕದಾಗಿ ಟಾಸ್, ಅಂತ ಒಂದು ಹವ್ಯಾಸ ಇದೆ. ಎಮ್ಯುಲೇಟರಿನಲ್ಲಿ (ಕನ್ಸೋಲಿನ ಹಾಗೇ ನಡೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಮ್) ಆಟವನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ, ಬೇಕಾದಾಗ ಹಿಂದೆ ಹೋಗುತ್ತಾ, ಮನುಷ್ಯರ ಬೆರಳಿಗೆ ಆಗದಷ್ಟು ಕರಾರುವಾಕ್ಕಾಗಿ ಬಟನ್ ಪಟ್ಟಿ ಬರೆಯುತ್ತಾರೆ. ಆ ಪಟ್ಟಿ ನಿಜವಾದ ಯಂತ್ರದಲ್ಲೂ ನಡೆಯುತ್ತದಾ ಅಂತ ನೋಡುವುದು ಅದರ ಮುಂದಿನ ಹೆಜ್ಜೆ. 2014ರ ಜನವರಿಯಲ್ಲಿ ಅಮೆರಿಕದ ಆಸಮ್ ಗೇಮ್ಸ್ ಡನ್ ಕ್ವಿಕ್ ಎಂಬ ದೇಣಿಗೆ ಸಂಗ್ರಹದ ಕಾರ್ಯಕ್ರಮದಲ್ಲಿ ಟಾಸ್‌ಬಾಟ್ ಎಂಬ ಪುಟ್ಟ ರೋಬೋ ಇದನ್ನು ಜನರ ಮುಂದೆ ಮಾಡಿ ತೋರಿಸಿತು. ಸೂಪರ್ ಮಾರಿಯೋ ವರ್ಲ್ಡ್ ಆಡುತ್ತಾ ಆಡುತ್ತಾ, ಬರೀ ಕಂಟ್ರೋಲರ್ ದಾರಿಯಿಂದ ಹೊಸ ಪ್ರೋಗ್ರಾಮ್ ತುಂಬಿಸಿ, ಅದೇ ಕನ್ಸೋಲಿನಲ್ಲಿ ಪಾಂಗ್ ಮತ್ತು ಹಾವಿನ ಆಟ ಓಡಿಸಿತು. ಅಲ್ಲಿ ಒಂದೇ ಒಂದು ಬಿಟ್ ಆಚೀಚೆ ಆಗಿದ್ದರೂ ಪರದೆ ಮೇಲೆ ಕಸ ಬರುತ್ತಿತ್ತು, ಅಷ್ಟೇ.

ಈಗ ಕಂಟ್ರೋಲರ್ ಹೇಗೆ ಮಾತಾಡುತ್ತದೆ ನೋಡೋಣ. ಇದು ಗೊತ್ತಿಲ್ಲದೆ ಮುಂದಿನದು ಒಂದೂ ಅರ್ಥ ಆಗಲ್ಲ.

ಎನ್‌ಇಎಸ್ ಕಂಟ್ರೋಲರ್ ಬಿಚ್ಚಿದರೆ ಒಳಗೆ 4021 ಅನ್ನುವ ಒಂದೇ ಒಂದು ಶಿಫ್ಟ್ ರಿಜಿಸ್ಟರ್ ಚಿಪ್ ಇರುತ್ತದೆ. ಕನ್ಸೋಲ್ ಮೊದಲು ಲ್ಯಾಚ್ ತಂತಿಯನ್ನು ಮೇಲೆತ್ತಿ ಇಳಿಸುತ್ತದೆ. ‘ಈ ಕ್ಷಣ ಯಾವ್ಯಾವ ಬಟನ್ ಒತ್ತಿದ್ದೀರಿ, ಹಿಡಿದಿಟ್ಟುಕೊಳ್ಳಿ’ ಅಂತ ಅದರ ಅರ್ಥ. ಆಮೇಲೆ ಕ್ಲಾಕ್ ತಂತಿಯಲ್ಲಿ ಎಂಟು ಸಲ ತಟ್ಟುತ್ತದೆ. ಒಂದೊಂದು ತಟ್ಟಿಗೂ ಡೇಟಾ ತಂತಿಯಲ್ಲಿ ಒಂದೊಂದು ಬಟನ್ ಆಚೆ ಬರುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ತಂತಿ ಕೆಳಮಟ್ಟದಲ್ಲಿದ್ದರೆ ಬಟನ್ ಒತ್ತಿದೆ ಅಂತ, ಮೇಲಿದ್ದರೆ ಬಿಟ್ಟಿದೆ ಅಂತ. ಇದು ಉಲ್ಟಾ ಅನ್ನುವುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಗಮನಿಸಿದ್ರಾ? ಇಲ್ಲಿ ಯಾರೂ ಗಡಿಯಾರ ನೋಡುತ್ತಿಲ್ಲ. ಕೇಳುವುದು ಕನ್ಸೋಲ್, ಕಂಟ್ರೋಲರ್ ಕೇಳಿದಾಗ ಮಾತ್ರ ಹೇಳುತ್ತದೆ. ಹಾಗಾದರೆ ನಮ್ಮ ಪೈ ಯಾಕೆ ಗಡಿಯಾರ ನೋಡಬೇಕು?

ಸುಮಾರು ಜನ ಮೊದಲ ಸಲ ಬರೆಯುವ ಕೋಡ್ ಹೀಗಿರುತ್ತದೆ: ಪವರ್ ಹಾಕು, ಇಷ್ಟು ಸೆಕೆಂಡ್ ಕಾಯಿ, ಆಮೇಲೆ ಸೆಕೆಂಡಿಗೆ 60 ಸಲದಂತೆ ಪಟ್ಟಿಯ ಸಾಲು ಕಳಿಸು. ಇದರಲ್ಲಿ ಎರಡು ಕಾಯಿಲೆ ಒಟ್ಟಿಗೆ ಇವೆ, ಮತ್ತು ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಂದು ಶುರುವಿನ ತಪ್ಪು. ಪಟ್ಟಿ ಎರಡು ಫ್ರೇಮ್ ಮೊದಲೋ ತಡವಾಗಿಯೋ ಹೊರಟಿದೆ. ಇನ್ನೊಂದು ಜಾರುವಿಕೆ. ಎನ್‌ಇಎಸ್ ಸೆಕೆಂಡಿಗೆ 60 ಫ್ರೇಮ್ ತೋರಿಸುವುದಿಲ್ಲ, ಸುಮಾರು 60.0988 ತೋರಿಸುತ್ತದೆ. ನೀವು 60ರಂತೆ ಕಳಿಸಿದರೆ ಹತ್ತು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಫ್ರೇಮ್ ಹಿಂದೆ ಬೀಳುತ್ತೀರಿ. ಮೊದಲ ಗೂಂಬಾ ದಾಟುತ್ತಾನೆ, ಎರಡನೇ ಹಂತದಲ್ಲಿ ಗುಂಡಿಗೆ ಬೀಳುತ್ತಾನೆ. ಆಗ ನೀವು ‘ಸ್ಟಾರ್ಟ್ ಟೈಮಿಂಗ್ ಸರಿಯಿಲ್ಲ’ ಅಂತ ಸ್ಲೀಪ್ ತಿದ್ದುತ್ತೀರಿ. ಗುಂಡಿ ದಾಟುತ್ತಾನೆ, ಗೂಂಬಾಕ್ಕೆ ಡಿಕ್ಕಿ. ಈ ಆಟಕ್ಕೆ ಕೊನೆಯೇ ಇಲ್ಲ.

ಹಾಗಾಗಿ ಏನನ್ನೂ ತಿದ್ದುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ತಪ್ಪು ಮೊದಲಿನಿಂದ ಕೊನೆವರೆಗೆ ಅಷ್ಟೇ ಇದೆಯಾ, ಇಲ್ಲ ಬೆಳೀತಾ ಹೋಗುತ್ತದಾ? ಅಷ್ಟೇ ಇದ್ದರೆ ಶುರುವಿನದ್ದು. ಬೆಳೆಯುತ್ತಿದ್ದರೆ ಶುರುವನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. 60.0988 ಅಂತ ಬರೆದರೂ ಪೂರ್ತಿ ಹೋಗಲ್ಲ. ಪೈಯ ಕ್ಲಾಕ್ ನಡೆಸುವ ಹರಳು ಬೇರೆ, ಕನ್ಸೋಲಿನ ಹರಳು ಬೇರೆ, ಎರಡೂ ಬಿಸಿಗೆ ಬೇರೆ ಬೇರೆ ರೀತಿ ಸ್ಪಂದಿಸುತ್ತವೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಉತ್ತರ ಯಾವತ್ತೋ ಸಿಕ್ಕಿದೆ. ಕುಕ್ಕರ್ ಇಟ್ಟರೆ ಯಾರೂ ನಿಮಿಷ ಎಣಿಸಲ್ಲ, ಮೂರು ವಿಷಲ್ ಆಯ್ತಾ ಅಂತ ಕೇಳುತ್ತಾರೆ. ಗ್ಯಾಸ್ ಉರಿ ಹೆಚ್ಚಿರಲಿ ಕಮ್ಮಿ ಇರಲಿ, ವಿಷಲ್ ಲೆಕ್ಕ ತಪ್ಪಲ್ಲ. ಇಲ್ಲಿ ನಮ್ಮ ವಿಷಲ್ ಅಂದರೆ ಲ್ಯಾಚ್. ಮೊದಲ ಲ್ಯಾಚ್ ಬಂದಾಗ ಪಟ್ಟಿಯ ಮೊದಲ ಸಾಲು, ಎರಡನೇ ಲ್ಯಾಚಿಗೆ ಎರಡನೇ ಸಾಲು. ಕನ್ಸೋಲ್ ತಡವಾಗಿ ಎದ್ದರೆ ಪಟ್ಟಿಯೂ ತಡವಾಗಿ ಹೊರಡುತ್ತದೆ. ಆಟ ಒಂದು ಫ್ರೇಮಿನಲ್ಲಿ ಕೆಲಸ ಮುಗಿಸಲಾಗದೆ ಕಂಟ್ರೋಲರ್ ಓದುವುದನ್ನೇ ಬಿಟ್ಟರೆ (ಇದನ್ನು ಲ್ಯಾಗ್ ಫ್ರೇಮ್ ಅನ್ನುತ್ತಾರೆ) ನಾವೂ ಅಲ್ಲೇ ನಿಲ್ಲುತ್ತೇವೆ. ಎಮ್ಯುಲೇಟರಿನ ಪಟ್ಟಿಯಲ್ಲಿ ಲ್ಯಾಗ್ ಫ್ರೇಮುಗಳಿಗೂ ಸಾಲು ಇರುತ್ತದೆ. ಅವನ್ನು ಮೊದಲೇ ತೆಗೆದು ಹಾಕಿರಬೇಕು, ಅಷ್ಟೇ.

ಕನ್ಸೋಲ್ ಮಾಡಿದವರೂ ಹೀಗೇ ಯೋಚಿಸಿದ್ದರು ಅನ್ನುವುದು ನನಗೆ ಖುಷಿ ಕೊಡುವ ವಿಷಯ. ಎನ್‌ಇಎಸ್ ಆನ್ ಆದ ತಕ್ಷಣ ಅದರ ಚಿತ್ರದ ಚಿಪ್, ಅಂದರೆ ಪಿಪಿಯು, ಕೆಲಸಕ್ಕೆ ರೆಡಿ ಇರುವುದಿಲ್ಲ. ಸುಮಾರು 29,658 ಸಿಪಿಯು ಸೈಕಲ್ ಕಳೆಯುವವರೆಗೆ ಅದರ ಕೆಲವು ರಿಜಿಸ್ಟರುಗಳಿಗೆ ಏನು ಬರೆದರೂ ಅದು ಕಿವಿಗೆ ಹಾಕಿಕೊಳ್ಳಲ್ಲ. ಸಿಪಿಯು ವೇಗ 1.79 ಮೆಗಾಹರ್ಟ್ಜ್, ಅಂದರೆ ಹೆಚ್ಚು ಕಮ್ಮಿ ಒಂದು ಫ್ರೇಮಿನಷ್ಟು ಹೊತ್ತು. ಆದರೆ ಆಟ ಬರೆದವರು ಸಾಮಾನ್ಯವಾಗಿ ಸೈಕಲ್ ಎಣಿಸುತ್ತಾ ಕೂರುವುದಿಲ್ಲ. ‘ಒಂದು ಫ್ರೇಮ್ ಮುಗಿಯಿತು’ ಅಂತ ಪಿಪಿಯು ಎತ್ತುವ ಬಾವುಟವನ್ನು ಎರಡು ಸಲ ನೋಡಿ ಆಮೇಲೆ ಮುಂದೆ ಹೋಗುತ್ತಾರೆ. ಮುಂದಿನ ಯಂತ್ರ ಸೂಪರ್ ನಿಂಟೆಂಡೊದಲ್ಲಿ ಇದು ಇನ್ನೂ ಚೆನ್ನಾಗಿದೆ. ಅಲ್ಲಿ ಸದ್ದಿನ ಚಿಪ್‌ಗೆ ತನ್ನದೇ ಬೇರೆ ಕ್ಲಾಕ್ ಇದೆ. ಅದು ಎದ್ದು ರೆಡಿಯಾದ ಮೇಲೆ ಎರಡು ಪೋರ್ಟುಗಳಲ್ಲಿ ಎಎ, ಬಿಬಿ ಅನ್ನುವ ಎರಡು ಹೆಕ್ಸ್ ಬೈಟ್ ಇಡುತ್ತದೆ. ಮುಖ್ಯ ಸಿಪಿಯು ಅವು ಕಾಣುವವರೆಗೆ ಕಾದು, ಆಮೇಲೆ ಸದ್ದಿನ ಪ್ರೋಗ್ರಾಮ್ ಕಳಿಸುತ್ತದೆ. ಮೂವತ್ತು ವರ್ಷಕ್ಕೂ ಹಿಂದಿನ ಯಂತ್ರದಲ್ಲಿ ಸ್ಲೀಪ್ ಇಲ್ಲ. ನಮ್ಮ ಸ್ಕ್ರಿಪ್ಟಲ್ಲಿ ಇದೆ.

ಸರಿ, ಲ್ಯಾಚ್ ಎಣಿಸುತ್ತೇವೆ ಅಂದುಕೊಳ್ಳಿ. ಆದರೂ ಶುರುವಿನ ತೊಂದರೆ ಮುಗಿಯಲ್ಲ. ಯಾಕಂದರೆ ಈಗ ಪ್ರಶ್ನೆ ಬದಲಾಗುತ್ತದೆ: ನಾವು ಎಣಿಸಿದ ಮೊದಲ ಲ್ಯಾಚ್ ನಿಜಕ್ಕೂ ಮೊದಲನೆಯದಾ? ಅಥವಾ ಅದು ಲ್ಯಾಚೇ ಹೌದಾ?

ಮೊದಲು ಪೈ ಕಡೆಯಿಂದ ನೋಡೋಣ. ಪೈ ಒಂದು ಪೂರ್ತಿ ಲಿನಕ್ಸ್ ಕಂಪ್ಯೂಟರ್. ಪವರ್ ಕೊಟ್ಟರೆ ಮೊದಲು ಫರ್ಮ್‌ವೇರ್, ಆಮೇಲೆ ಕರ್ನಲ್, ಆಮೇಲೆ ಸಿಸ್ಟಮ್‌ಡಿ ಒಂದೊಂದೇ ಸೇವೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಎಬ್ಬಿಸುತ್ತದೆ. ಕನ್ಸೋಲ್ ಎದ್ದು ಕಂಟ್ರೋಲರ್ ಓದಲು ಶುರು ಮಾಡುವುದಕ್ಕೆ ಕೆಲವೇ ಫ್ರೇಮ್ ಸಾಕು. ಪೈಗೆ ಹತ್ತಾರು ಸೆಕೆಂಡ್ ಬೇಕಾಗಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ಒಂದೇ ಸ್ವಿಚ್ ಒತ್ತಿದರೆ ಪೈ ಸೋಲುವುದು ಖಂಡಿತ. ಅಷ್ಟೇ ಅಲ್ಲ, ಪೈ ತಗೊಳ್ಳುವ ಹೊತ್ತು ಸಲದಿಂದ ಸಲಕ್ಕೆ ಬದಲಾಗುತ್ತದೆ. ಒಂದು ಸಲ ವೈಫೈ ಬೇಗ ಸಿಗುತ್ತದೆ, ಇನ್ನೊಂದು ಸಲ ಇಲ್ಲ. ನಿಮ್ಮ ಸೇವೆ ‘ನೆಟ್‌ವರ್ಕ್ ಬಂದ ಮೇಲೆ’ ಅಂತ ಯಾವುದೋ ಮಾದರಿ ಫೈಲಿನಿಂದ ನಕಲಾಗಿ ಬಂದಿದ್ದರೆ, ಬಟನ್ ಒತ್ತುವ ಪ್ರೋಗ್ರಾಮ್ ಸುಮ್ನೆ ರೂಟರಿಗಾಗಿ ಕಾಯುತ್ತಾ ಕೂತಿರುತ್ತದೆ. ಸಿಸ್ಟಮ್‌ಡಿ-ಅನಲೈಜ್ ಅನ್ನುವ ಕಮಾಂಡಿಗೆ ಕ್ರಿಟಿಕಲ್-ಚೈನ್ ಅಂತ ಸೇರಿಸಿ ಓಡಿಸಿದರೆ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ನೇರ ಕಾಣುತ್ತದೆ.

ಇನ್ನೊಂದು ಗುಪ್ತ ತೊಂದರೆ ಇದೆ. ಪೈ 5ಕ್ಕಿಂತ ಹಿಂದಿನ ಪೈಗಳಲ್ಲಿ ಬ್ಯಾಟರಿ ಹಾಕಿ ಗಡಿಯಾರ ಓಡಿಸುವ ವ್ಯವಸ್ಥೆ ಇಲ್ಲ. ಬೂಟ್ ಆದಾಗ ಹಿಂದಿನ ಸಲ ಬರೆದಿಟ್ಟ ಸಮಯದಿಂದ ಶುರು ಮಾಡಿ, ಇಂಟರ್ನೆಟ್ ಸಿಕ್ಕ ಮೇಲೆ ಸರಿಯಾದ ಸಮಯಕ್ಕೆ ಜಿಗಿಯುತ್ತದೆ. ನಿಮ್ಮ ಕೋಡ್ ‘ಈಗ ಎಷ್ಟು ಗಂಟೆ’ ಅಂತ ಕೇಳಿ ಅದರಿಂದ ಕಳೆದು ಲೆಕ್ಕ ಹಾಕುತ್ತಿದ್ದರೆ, ಆ ಜಿಗಿತ ನಿಮ್ಮ ಪಟ್ಟಿಯ ಮಧ್ಯೆ ಬೀಳುತ್ತದೆ. ಬೂಟ್ ಆಗಿ ಸ್ವಲ್ಪ ಹೊತ್ತಿಗೆ ಎಲ್ಲ ಕೆಡುತ್ತದೆ, ಎರಡನೇ ಸಲ ಓಡಿಸಿದರೆ ಸರಿ ಇರುತ್ತದೆ ಅಂದರೆ ಇದನ್ನು ಅನುಮಾನಿಸಿ. ಎಲ್ಲೆಲ್ಲಿ ಹೊತ್ತು ಅಳೆಯಬೇಕೋ ಅಲ್ಲೆಲ್ಲ ಮೊನೊಟಾನಿಕ್ ಕ್ಲಾಕ್ ಬಳಸಿ. ಅದು ಹಿಂದೆ ಮುಂದೆ ಜಿಗಿಯಲ್ಲ.

ಪೈ ಎದ್ದ ಮೇಲಾದರೂ ಲ್ಯಾಚಿಗೆ ಸಮಯಕ್ಕೆ ಸರಿಯಾಗಿ ಉತ್ತರ ಕೊಡುತ್ತದಾ? ಕೊಡಬಹುದು. ಆದರೆ ನಂಬಬೇಡಿ. ಲ್ಯಾಚ್ ಆದ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಮೊದಲ ಬಿಟ್ ತಂತಿ ಮೇಲೆ ಇರಬೇಕು. ಲಿನಕ್ಸಿಗೆ ಆ ಕ್ಷಣದಲ್ಲಿ ಬೇರೇನೋ ಕೆಲಸ ನೆನಪಾದರೆ ಮುಗೀತು. ರಿಯಲ್‌ಟೈಮ್ ಕರ್ನಲ್ ಹಾಕಿ, ಒಂದು ಕೋರ್ ಮೀಸಲಿಟ್ಟು, ಹಟ ಹಿಡಿದು ಸಾಧಿಸಿದವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಅದು ವ್ಯರ್ಥ ಶ್ರಮ. 2021ರಲ್ಲಿ 4 ಡಾಲರ್ ಬೆಲೆಗೆ ರಾಸ್ಪ್‌ಬೆರಿ ಪೈ ಪೀಕೊ ಬಂತು. ಅದರಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ. ಪಿಐಓ ಅಂತ ಎಂಟು ಪುಟ್ಟ ಯಂತ್ರಗಳಿವೆ, ಅವು ತಂತಿ ಏಳುವುದು ಬೀಳುವುದನ್ನು ಬಿಟ್ಟರೆ ಬೇರೇನೂ ನೋಡಲ್ಲ. ಪವರ್ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಏಳುತ್ತದೆ. ಲ್ಯಾಚ್, ಕ್ಲಾಕ್, ಡೇಟಾ ಮೂರನ್ನೂ ಪೀಕೊಗೆ ಕೊಡಿ. ಪೈ ದೊಡ್ಡಣ್ಣನ ಹಾಗೆ ಹಿಂದೆ ಕೂತು ಯುಎಸ್‌ಬಿಯಲ್ಲಿ ಪಟ್ಟಿ ಕಳಿಸಲಿ, ಕನ್ಸೋಲಿನ ಪವರ್ ನೋಡಿಕೊಳ್ಳಲಿ, ಲಾಗ್ ಬರೆಯಲಿ. ಕನ್ಸೋಲಿನ ತಂತಿಗಳು 5 ವೋಲ್ಟಿನವು. ಪೈ, ಪೀಕೊ ಎರಡರ ಪಿನ್ನುಗಳಿಗೂ 5 ವೋಲ್ಟ್ ಆಗಿಬರಲ್ಲ, ಅವು 3.3 ವೋಲ್ಟಿನವು. ಹಾಗಾಗಿ ಮಧ್ಯೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕೇ ಬೇಕು.

ಈಗ ಆ ಉಲ್ಟಾ ವಿಷಯಕ್ಕೆ ಬರುತ್ತೇನೆ. ಡೇಟಾ ತಂತಿಯನ್ನು ಇನ್ನೂ ಪೈಗೇ ಕೊಟ್ಟಿರುವವರು ಕೇಳಿ. ಪೈಯ ಪಿನ್ನುಗಳನ್ನು ನಿಮ್ಮ ಪ್ರೋಗ್ರಾಮ್ ಬಂದು ಹಿಡಿಯುವವರೆಗೆ ಅವು ಏನು ಮಾಡುತ್ತಿರುತ್ತವೆ? ಸುಮ್ಮನೆ ಇರಲ್ಲ. 0ಯಿಂದ 8ರವರೆಗಿನ ಪಿನ್ನುಗಳನ್ನು ಒಳಗಿನ ರೆಸಿಸ್ಟರ್ ಮೇಲಕ್ಕೆ ಎಳೆದಿರುತ್ತದೆ, 9ರಿಂದ 27ರವರೆಗಿನವನ್ನು ಕೆಳಕ್ಕೆ. ನೀವು 17ನೇ ಪಿನ್ನನ್ನು 74ಎಚ್‌ಸಿಟಿ ಜಾತಿಯ ಬಫರ್ ಮೂಲಕ ಡೇಟಾ ತಂತಿಗೆ ಕೊಟ್ಟಿದ್ದರೆ, ಬೂಟ್ ಆಗುವಷ್ಟು ಹೊತ್ತೂ ತಂತಿ ಕೆಳಗಿರುತ್ತದೆ. ಕೆಳಗಿದ್ದರೆ ಒತ್ತಿದೆ ಅಂತ ತಾನೇ? ಕನ್ಸೋಲಿಗೆ ಎಂಟಕ್ಕೆ ಎಂಟೂ ಬಟನ್ ಒತ್ತಿ ಹಿಡಿದಂತೆ ಕಾಣುತ್ತದೆ. ಸ್ಟಾರ್ಟ್ ಕೂಡ. ಆಟ ತಾನೇ ಶುರುವಾಗಿಬಿಡುತ್ತದೆ, ನಾವು ‘ಟೈಮಿಂಗ್ ಮುಂಚೆ ಆಯ್ತು’ ಅನ್ನುತ್ತೇವೆ. ಇದಕ್ಕೆ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಜಿಪಿಐಓ ಅಂತ ಒಂದು ಸಾಲು ಬರೆಯುವ ಅವಕಾಶ ಇದೆ. ಫರ್ಮ್‌ವೇರ್ ಹಂತದಲ್ಲೇ ಪಿನ್ನನ್ನು ಮೇಲೆ ಹಿಡಿಯುತ್ತದೆ. ಅದಕ್ಕಿಂತ ಗಟ್ಟಿ ದಾರಿ ಹೊರಗೆ ಒಂದು ರೆಸಿಸ್ಟರ್ ಹಾಕಿ ಮೇಲಕ್ಕೆ ಎಳೆದಿಡುವುದು. ರೆಸಿಸ್ಟರಿಗೆ ಬೂಟ್ ಆಗುವುದು ಅಂತ ಇಲ್ಲ.

ಇನ್ನು ಪವರ್. ಶುರುವಿನ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಅಡಗಿರುತ್ತವೆ ಅಂತ ನನಗನ್ನಿಸುತ್ತದೆ. ಆದರೆ ಜನ ಕೋಡ್ ತಿದ್ದುತ್ತಾ ಕೂರುತ್ತಾರೆ.

ಸರಿಯಾದ ಕ್ರಮ ಹೀಗೆ: ಪೈ ಮೊದಲು ಏಳಬೇಕು, ಪಟ್ಟಿ ಪೀಕೊಗೆ ಹೋಗಬೇಕು, ಪೀಕೊ ‘ರೆಡಿ’ ಅನ್ನಬೇಕು, ಆಮೇಲೆ ಪೈ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಎಳೆದು ಕನ್ಸೋಲಿಗೆ ಪವರ್ ಕೊಡಬೇಕು. ಕೇಳಲು ಸುಲಭ. ಆದರೆ ಕನ್ಸೋಲ್ ಆಫ್ ಇರುವಾಗ ನಿಮ್ಮ ಡೇಟಾ ತಂತಿ ಮೇಲಿದೆ ಅಲ್ವಾ? ಆ ತಂತಿಯಿಂದ ಕರೆಂಟು ಕನ್ಸೋಲಿನ ಚಿಪ್ಪುಗಳ ರಕ್ಷಣೆಯ ಡಯೋಡ್ ಮೂಲಕ ಒಳಗೆ ನುಗ್ಗುತ್ತದೆ. ಪವರ್ ದೀಪ ಹತ್ತಿರಲ್ಲ. ಆದರೆ ಒಳಗಿನ 5 ವೋಲ್ಟ್ ಹಳಿ (ಚಿಪ್ಪುಗಳಿಗೆಲ್ಲ ಪವರ್ ಹಂಚುವ ತಂತಿ) ಸೊನ್ನೆಗೆ ಇಳಿಯದೆ ಮಧ್ಯದಲ್ಲೆಲ್ಲೋ ತೂಗಾಡುತ್ತಿರುತ್ತದೆ. ರ‍್ಯಾಮ್ ಪೂರ್ತಿ ಅಳಿಸಿಹೋಗಲ್ಲ, ಚಿಪ್‌ಗಳು ಪೂರ್ತಿ ಮಲಗಲ್ಲ. ಮುಂದಿನ ಸಲ ಆನ್ ಮಾಡಿದಾಗ ಅವು ಅರ್ಧ ಎಚ್ಚರದಿಂದ ಏಳುತ್ತವೆ. ಮಲ್ಟಿಮೀಟರ್ ಹಿಡಿದು, ಕನ್ಸೋಲ್ ಆಫ್ ಇರುವಾಗ ಕಂಟ್ರೋಲರ್ ಪೋರ್ಟಿನ 5 ವೋಲ್ಟ್ ಪಿನ್ನಲ್ಲಿ ಎಷ್ಟಿದೆ ನೋಡಿ. ಸೊನ್ನೆ ಇಲ್ಲ ಅಂದರೆ ನಿಮ್ಮ ರೋಗ ಸಿಕ್ಕಿತು. ಲೆವೆಲ್ ಶಿಫ್ಟರಿನ 5 ವೋಲ್ಟ್ ಕಡೆಗೆ ಕನ್ಸೋಲಿನದ್ದೇ 5 ವೋಲ್ಟ್ ಕೊಡಿ, ಪೈಯದ್ದಲ್ಲ. ಮೇಲಕ್ಕೆ ಎಳೆಯುವ ರೆಸಿಸ್ಟರ್ ಡೇಟಾ ತಂತಿಯ ಕಡೆ ಇದ್ದರೆ ಅದನ್ನೂ ಅಲ್ಲಿಗೇ ಕಟ್ಟಿ, ಪೈಯ ಪಿನ್ ಕಡೆ ಇದ್ದರೆ ಬೇಡ. ಆಗ ಕನ್ಸೋಲ್ ಸತ್ತರೆ ತಂತಿಯೂ ಸಾಯುತ್ತದೆ.

ಕನ್ಸೋಲಿನ ಆ 5 ವೋಲ್ಟ್ ಪಿನ್ ಇನ್ನೊಂದಕ್ಕೂ ಬೇಕು. ಕನ್ಸೋಲ್ ಆಫ್ ಇರುವಾಗ ಲ್ಯಾಚ್ ತಂತಿಯನ್ನು ಯಾರೂ ಹಿಡಿದಿಲ್ಲ. ತೇಲುತ್ತಿರುತ್ತದೆ. ಪಕ್ಕದಲ್ಲಿ ಟ್ಯೂಬ್‌ಲೈಟ್ ಹಾಕಿದರೂ ಪೀಕೊ ಅದನ್ನು ಲ್ಯಾಚ್ ಅಂತ ಎಣಿಸಬಹುದು. ಆಟ ಶುರುವಾಗುವ ಮೊದಲೇ ಪಟ್ಟಿಯ ನಾಲ್ಕು ಸಾಲು ಖರ್ಚು. ಲ್ಯಾಚ್ ತಂತಿಯನ್ನು ಒಂದು ರೆಸಿಸ್ಟರಿನಿಂದ ಕೆಳಕ್ಕೆ ಕಟ್ಟಿ. ಕನ್ಸೋಲಿನ 5 ವೋಲ್ಟನ್ನು 10ಕೆ, 20ಕೆ ರೆಸಿಸ್ಟರ್ ಜೋಡಿಯಿಂದ 3.3ಕ್ಕೆ ಇಳಿಸಿ ಪೀಕೊಗೆ ತೋರಿಸಿ. ಆ ಪಿನ್ ಮೇಲೆ ಬರುವವರೆಗೆ ಯಾವ ಲ್ಯಾಚನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಪವರ್ ಏರುವಾಗ ಒಂದೆರಡು ಪುಡಿ ಪಲ್ಸ್ ಬಂದರೂ ಮೋಸ ಹೋಗಬೇಡಿ. ಹಿಂದೆಯೇ ಎಂಟು ಕ್ಲಾಕ್ ಬಂದರೆ ಮಾತ್ರ ಅದು ಲ್ಯಾಚ್.

ರಿಲೇ ಬಗ್ಗೆಯೂ ಒಂದು ಮಾತು. ರಿಲೇಯ ಒಳಗಿನ ಲೋಹದ ನಾಲಿಗೆ ಕೂರುವ ಮೊದಲು ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಕನ್ಸೋಲಿನ ಒಳಗಿನ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ ಇದನ್ನು ನುಂಗಿಕೊಳ್ಳುತ್ತದೆ, ಹಳೆಯದಾಗಿ ಒಣಗಿದ್ದರೆ ಇಲ್ಲ. ಜೊತೆಗೆ ರಿಲೇಯ ಕಾಯಿಲ್ ಪೈಯ ಹಳಿಯಿಂದಲೇ ಕರೆಂಟು ಎಳೆದರೆ ಪೈ ವೋಲ್ಟೇಜ್ ಕುಸಿಯುತ್ತದೆ. ಸುಮಾರು 4.63 ವೋಲ್ಟಿಗಿಂತ ಕೆಳಗೆ ಹೋದರೆ ಪೈ ಎಚ್ಚರಿಕೆ ದಾಖಲಿಸಿ ತನ್ನ ವೇಗ ಇಳಿಸಿಕೊಳ್ಳುತ್ತದೆ, ಅದೂ ನೀವು ಕನ್ಸೋಲ್ ಆನ್ ಮಾಡಿದ ಅದೇ ಕ್ಷಣದಲ್ಲಿ. ರಿಲೇಗೆ ಬೇರೆ ಅಡಾಪ್ಟರ್ ಕೊಡಿ, ಇಲ್ಲ ಮಾಸ್‌ಫೆಟ್ ಬಳಸಿ.

ಇಷ್ಟೆಲ್ಲ ಆದ ಮೇಲೂ ಎನ್‌ಇಎಸ್‌ನದ್ದೇ ಒಂದು ಹಟ ಉಳಿಯುತ್ತದೆ. 1985ರಲ್ಲಿ ಅಮೆರಿಕಕ್ಕೆ ಬಂದ ಮಾದರಿಯಲ್ಲಿ ನಕಲಿ ಕಾರ್ಟ್ರಿಜ್ (ಆಟದ ಕ್ಯಾಸೆಟ್) ತಡೆಯಲು ಒಂದು ಬೀಗದ ಚಿಪ್ ಇದೆ. ಕನ್ಸೋಲಿನಲ್ಲೊಂದು, ಕಾರ್ಟ್ರಿಜಿನಲ್ಲೊಂದು. ಎರಡೂ ಮಾತಾಡಿಕೊಂಡು ಹೊಂದದಿದ್ದರೆ ಸೆಕೆಂಡಿಗೊಂದು ಸಲ ಇಡೀ ಯಂತ್ರವನ್ನು ರೀಸೆಟ್ ಮಾಡುತ್ತದೆ. ಕೆಂಪು ದೀಪ ಮಿಟುಕುವುದು ಅದಕ್ಕೇ. ಒಳಗಿನ 72 ಪಿನ್ನಿನ ಕನೆಕ್ಟರ್ ಸವೆದಿದ್ದರೆ ಅಸಲಿ ಕಾರ್ಟ್ರಿಜಿಗೂ ಹೀಗೆ ಆಗುತ್ತದೆ. ತಮಾಷೆ ಏನಂದರೆ ಕೆಲವೊಮ್ಮೆ ಒಂದೇ ಸಲ ರೀಸೆಟ್ ಆಗಿ ಎರಡನೇ ಸಲಕ್ಕೆ ಹೊಂದಿಕೊಳ್ಳುತ್ತದೆ. ದೀಪ ಒಮ್ಮೆ ಮಿಟುಕಿದ್ದು ನಮಗೆ ಗೊತ್ತೇ ಆಗಲ್ಲ. ಆದರೆ ಆ ಒಂದು ಸೆಕೆಂಡಿನಲ್ಲಿ ಆಟ ಎದ್ದು ಐವತ್ತಕ್ಕೂ ಹೆಚ್ಚು ಸಲ ಕಂಟ್ರೋಲರ್ ಓದಿರಬಹುದು. ಪಟ್ಟಿ ಅಷ್ಟು ಮುಂದೆ ಹೋಗಿದೆ, ಆಟ ಮತ್ತೆ ಮೊದಲಿನಿಂದ. ಕನೆಕ್ಟರ್ ಶುಚಿ ಮಾಡಿ. ಪೀಕೊಗೂ ಒಂದು ನಿಯಮ ಕೊಡಿ: ಮೊದಲ ಎರಡು ಸೆಕೆಂಡಿನಲ್ಲಿ ಲ್ಯಾಚ್‌ಗಳ ಸಾಲು ಮಧ್ಯೆ ಕಡಿದು ಮತ್ತೆ ಶುರುವಾದರೆ ಕೈಬಿಡು, ಪವರ್ ತೆಗೆ, ಸ್ವಲ್ಪ ಕಾದು ಹೊಸದಾಗಿ ಹೊರಡು.

ಫ್ಲಾಶ್ ಕಾರ್ಟ್ರಿಜ್ (ಮೆಮೊರಿ ಕಾರ್ಡಿನಿಂದ ಬೇಕಾದ ಆಟ ಓಡಿಸುವಂಥದ್ದು) ಬಳಸುವವರಿಗೂ ಇದೇ ಥರದ ತಲೆನೋವು. ಅದರದ್ದೇ ಮೆನು ಮೊದಲು ಬರುತ್ತದೆ, ಆ ಮೆನುವೂ ಕಂಟ್ರೋಲರ್ ಓದುತ್ತದೆ. ಲ್ಯಾಚ್ ಎಣಿಕೆ ಮೆನುವಿನಲ್ಲೇ ಶುರುವಾಗಬಾರದು.

ಇನ್ನು ರ‍್ಯಾಮ್. ಎನ್‌ಇಎಸ್‌ನ 2 ಕೆಬಿ ರ‍್ಯಾಮಿನಲ್ಲಿ ಆನ್ ಆದಾಗ ಏನಿರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಎಮ್ಯುಲೇಟರುಗಳು ತಮ್ಮದೇ ಒಂದು ನಿಶ್ಚಿತ ವಿನ್ಯಾಸ ತುಂಬಿ ಶುರು ಮಾಡುತ್ತವೆ. ನಿಜವಾದ ಚಿಪ್ ಹಾಗಲ್ಲ. ಆಟ ಆ ಕಸವನ್ನೇ ಓದಿ ಶತ್ರುಗಳ ನಡೆ ತೀರ್ಮಾನಿಸಿದರೆ ಪ್ರತಿ ಸಲವೂ ಬೇರೆ ಬೇರೆ ಆಗುತ್ತದೆ, ಟೈಮಿಂಗ್ ಎಷ್ಟೇ ಸರಿಯಿದ್ದರೂ. ಅದಕ್ಕೇ ಮೊದಲ ಪ್ರಯೋಗಕ್ಕೆ ಸೂಪರ್ ಮಾರಿಯೋ ಬ್ರದರ್ಸ್ ಒಳ್ಳೆಯದು. ಅದು ತನ್ನ ಯಾದೃಚ್ಛಿಕ ಸಂಖ್ಯೆಗಳ ಬೀಜವನ್ನು, ಅಂದರೆ ಆ ಲೆಕ್ಕ ಶುರುವಾಗುವ ಸಂಖ್ಯೆಯನ್ನು, ತಾನೇ ಇಟ್ಟುಕೊಳ್ಳುತ್ತದೆ. ಆದರೆ ಅದೂ ರ‍್ಯಾಮಿನ ಕೊನೆಯ ಬೈಟ್ ನೋಡುತ್ತದೆ. ಅಲ್ಲಿ ಎ5 ಅನ್ನುವ ಗುರುತಿದ್ದು, ಹೈ ಸ್ಕೋರ್ ಅಂಕಿಗಳೂ ಸರಿಯಿದ್ದರೆ ‘ಓ, ಇದು ಬರೀ ರೀಸೆಟ್’ ಅಂದುಕೊಂಡು ಹೈ ಸ್ಕೋರ್ ಉಳಿಸಿಕೊಳ್ಳುತ್ತದೆ. ನೀವು ಆಫ್ ಮಾಡಿ ತಕ್ಷಣ ಆನ್ ಮಾಡಿದಾಗ ಪರದೆಯ ಮೇಲೆ ಹಳೆಯ ಹೈ ಸ್ಕೋರ್ ಹಾಗೇ ಇದ್ದರೆ, ರ‍್ಯಾಮ್ ಸತ್ತಿಲ್ಲ ಅಂತ ಆಟವೇ ನಿಮಗೆ ಹೇಳುತ್ತಿದೆ. ಇದಕ್ಕಿಂತ ಅಗ್ಗದ ಅಳತೆ ಸಾಧನ ನನಗೆ ಗೊತ್ತಿಲ್ಲ.

ಅಂದ ಹಾಗೆ, ಇಲ್ಲಿ ಮಾತ್ರ ಗಡಿಯಾರ ನೋಡಿ ಕಾಯುವುದು ಸರಿ. ರ‍್ಯಾಮ್ ಖಾಲಿಯಾಯಿತು ಅಂತ ಕನ್ಸೋಲ್ ಎಲ್ಲೂ ಸಿಗ್ನಲ್ ಕೊಡಲ್ಲ. ಆಗ ಧಾರಾಳವಾಗಿ ಕಾಯಿರಿ. ಸ್ಲೀಪ್ ಮೇಲೆ ನನಗೆ ದ್ವೇಷ ಇಲ್ಲ. ಬೇರೆ ಸುಳಿವು ಇರುವ ಜಾಗದಲ್ಲಿ ಅದನ್ನು ಹಾಕಬಾರದು, ಅಷ್ಟೇ.

ಅಳೆಯುವುದಕ್ಕೆ ಎಂಟು ಚಾನೆಲ್ಲಿನ, 24 ಮೆಗಾಹರ್ಟ್ಜಿನ ಅಗ್ಗದ ಲಾಜಿಕ್ ಅನಲೈಸರ್ (ತಂತಿಗಳ ಏರಿಳಿತ ದಾಖಲಿಸುವ ಸಾಧನ) ಸಾಕು. ಪಲ್ಸ್‌ವ್ಯೂ ತಂತ್ರಾಂಶ ಉಚಿತ. ಕನ್ಸೋಲಿನ 5 ವೋಲ್ಟ್, ಲ್ಯಾಚ್, ಕ್ಲಾಕ್, ಡೇಟಾ ನಾಲ್ಕನ್ನೂ ಹಿಡಿಯಿರಿ. ಪಟ್ಟಿ ಕಳಿಸಲೇಬೇಡಿ. ಸುಮ್ನೆ ಆನ್ ಮಾಡಿ, ಆಫ್ ಮಾಡಿ, ಪವರ್ ಏರಿದ್ದಕ್ಕೂ ಮೊದಲ ಲ್ಯಾಚಿಗೂ ನಡುವೆ ಎಷ್ಟು ಹೊತ್ತು ಅಂತ ಬರೆದುಕೊಳ್ಳಿ. ಆ ಅಂಕಿಗಳೇ ಕತೆ ಹೇಳುತ್ತವೆ. ಎಲ್ಲ ಒಂದೇ ಕಡೆ ಗುಂಪಾಗಿದ್ದರೆ ಯಂತ್ರ ಆರೋಗ್ಯವಾಗಿದೆ. 16.64 ಮಿಲಿಸೆಕೆಂಡಿನ ಮೆಟ್ಟಿಲಾಗಿ ಎರಡು ಗುಂಪಾದರೆ ಒಂದು ಫ್ರೇಮಿನ ವ್ಯತ್ಯಾಸ ಬರುತ್ತಿದೆ. ಕೆಲವು ಸಲ ಒಂದು ಸೆಕೆಂಡ್ ಆದ ಮೇಲೆ ಎಲ್ಲ ಮತ್ತೆ ಮೊದಲಾಗುತ್ತಿದ್ದರೆ ಬೀಗದ ಚಿಪ್. ಪವರ್ ಏರುವ ಮುಂಚೆಯೇ ಲ್ಯಾಚ್ ಕಂಡರೆ ತೇಲುವ ತಂತಿ. ಅಂಕಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ಅಡಾಪ್ಟರ್ ಅಥವಾ ರಿಲೇ ಕಡೆ ನೋಡಿ.

ಇದು ಸ್ಥಿರವಾದ ಮೇಲೆಯೇ ಪಟ್ಟಿಯನ್ನು ಆಚೀಚೆ ಸರಿಸುವ ಕೆಲಸ. ಆನ್ ಆದ ಮೊದಲ ಫ್ರೇಮನ್ನು ಎಮ್ಯುಲೇಟರ್ ಎಣಿಸುವುದಕ್ಕೂ ಕನ್ಸೋಲಿಗೂ ಒಂದೆರಡು ಫ್ರೇಮ್ ವ್ಯತ್ಯಾಸ ಇರುವುದು ಮಾಮೂಲು. ಮುಂದೆ ಒಂದು ಖಾಲಿ ಸಾಲು ಸೇರಿಸಿ ನೋಡಿ, ಒಂದು ತೆಗೆದು ನೋಡಿ. ಸ್ಥಿರ ಆಗುವ ಮೊದಲು ಇದನ್ನು ಮಾಡಿದರೆ ಲಾಟರಿ ಆಡಿದಂತೆ.

ಸೂಪರ್ ಮಾರಿಯೋ ಬ್ರದರ್ಸ್ 3 ಹಾಕಿದರೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಅದರ ಡ್ರಮ್ ಸದ್ದು ರೆಕಾರ್ಡ್ ಮಾಡಿದ ಸ್ಯಾಂಪಲ್. ಸಿಪಿಯು ಆ ಸ್ಯಾಂಪಲ್ ಎಳೆದುಕೊಳ್ಳುವ ಕ್ಷಣಕ್ಕೂ ಕಂಟ್ರೋಲರ್ ಓದುವ ಕ್ಷಣಕ್ಕೂ ಡಿಕ್ಕಿಯಾದರೆ ಒಂದು ಕ್ಲಾಕ್ ಹೆಚ್ಚು ಬಿದ್ದು ಒಂದು ಬಟನ್ ನುಂಗಿಹೋಗುತ್ತದೆ. ಇದು ಚಿಪ್ಪಿನ ದೋಷ. ಅದಕ್ಕೆ ಆಟ ಎರಡು ಸಲ ಒಂದೇ ಉತ್ತರ ಬರುವವರೆಗೆ ಮತ್ತೆ ಮತ್ತೆ ಓದುತ್ತದೆ. ಒಂದು ಫ್ರೇಮಿಗೆ ಒಂದೇ ಲ್ಯಾಚ್ ಅಂತ ನಂಬಿದವರ ಪಟ್ಟಿ ಅಲ್ಲೇ ಕೆಡುತ್ತದೆ. ಮೊದಲ ಲ್ಯಾಚ್ ಬಂದ ಮೇಲೆ ಅರ್ಧ ಫ್ರೇಮಿನಷ್ಟು, ಸುಮಾರು 8 ಮಿಲಿಸೆಕೆಂಡ್, ಎಷ್ಟು ಸಲ ಕೇಳಿದರೂ ಅದೇ ಸಾಲು ಕೊಡಿ. ಆಮೇಲೆ ಬಂದದ್ದಕ್ಕೆ ಹೊಸ ಸಾಲು.

ಕೈಗೆ ಸಿಗದ ಒಂದು ಸಂಗತಿಯೂ ಇದೆ. ಎನ್‌ಇಎಸ್‌ನಲ್ಲಿ ಒಂದೇ ಮುಖ್ಯ ಕ್ಲಾಕ್, 21.477 ಮೆಗಾಹರ್ಟ್ಜ್. ಅದನ್ನು ಸಿಪಿಯು 12ರಿಂದ ಭಾಗಿಸಿಕೊಳ್ಳುತ್ತದೆ, ಪಿಪಿಯು 4ರಿಂದ. ಆನ್ ಆದಾಗ ಇವೆರಡರ ಹೆಜ್ಜೆ ನಾಲ್ಕು ರೀತಿಗಳಲ್ಲಿ ಯಾವುದಾದರೂ ಒಂದಾಗಿ ಕೂರಬಹುದು. ಹೆಚ್ಚಿನ ಆಟಗಳಿಗೆ ಇದರಿಂದ ಏನೂ ಆಗಲ್ಲ. ಕೆಲವಕ್ಕೆ ಆಗುತ್ತದೆ. ಅಲ್ಲಿ ತಿದ್ದುವುದಕ್ಕೆ ಏನೂ ಇಲ್ಲ. ಕೆಟ್ಟಿತು ಅಂತ ಬೇಗ ಗುರುತಿಸಿ ಮತ್ತೆ ಆನ್ ಮಾಡುವ ವ್ಯವಸ್ಥೆ ಇರಬೇಕು.

ಈಗ ಪ್ರಶ್ನೆಗಳು.

‘ಸರ್, ನಾನು ಪೈ ಜೀರೋನ ಯುಎಸ್‌ಬಿ ಕಂಟ್ರೋಲರ್ ಥರ ಮಾಡಿ ನಿಂಟೆಂಡೊ ಸ್ವಿಚ್ ಕನ್ಸೋಲ್‌ಗೆ ಹಾಕಿದ್ದೀನಿ. ಬೂಟ್ ಆದ ತಕ್ಷಣ ಸ್ಕ್ರಿಪ್ಟ್ ಎರರ್ ಕೊಟ್ಟು ಸಾಯ್ತದೆ. ಇಪ್ಪತ್ತು ಸೆಕೆಂಡ್ ಸ್ಲೀಪ್ ಹಾಕಿದ್ರೆ ಕೆಲವು ಸಲ ಓಡ್ತದೆ.’

ನೋಡಿ, ಯಂತ್ರ ಹೊಸದು, ಕಾಯಿಲೆ ಹಳೇದು. ಆ ಎರರ್ ‘ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಶಟ್‌ಡೌನ್’ ಅಂತ ಇದೆಯಾ? ಹಾಗಿದ್ದರೆ ಕನ್ಸೋಲ್ ಇನ್ನೂ ನಿಮ್ಮ ಪೈಯನ್ನು ಗುರುತು ಹಿಡಿದಿಲ್ಲ, ನೀವು ಆಗಲೇ ಬಟನ್ ಕಳಿಸುತ್ತಿದ್ದೀರಿ. ಲಿನಕ್ಸಿನ ಸಿಸ್ ಫೋಲ್ಡರಿನಲ್ಲಿ, ಕ್ಲಾಸ್ ಒಳಗೆ, ಯುಡಿಸಿ ಅಂತ ಒಂದು ಜಾಗ ಇದೆ. ಅಲ್ಲಿ ಸ್ಟೇಟ್ ಅನ್ನುವ ಫೈಲ್ ಓದಿ. ಸಿಕ್ಕಿಸದಿದ್ದಾಗ ‘ನಾಟ್ ಅಟ್ಯಾಚ್ಡ್’ ಅನ್ನುತ್ತದೆ, ಕನ್ಸೋಲ್ ಒಪ್ಪಿಕೊಂಡ ಮೇಲೆ ‘ಕಾನ್ಫಿಗರ್ಡ್’ ಅನ್ನುತ್ತದೆ, ಕನ್ಸೋಲ್ ನಿದ್ದೆಗೆ ಹೋದರೆ ‘ಸಸ್ಪೆಂಡೆಡ್’. ಕಾನ್ಫಿಗರ್ಡ್ ಕಾಣುವವರೆಗೆ ಕಾಯಿರಿ. ಕಂಡ ಮೇಲೂ ಮೊದಲು ‘ಯಾವ ಬಟನ್ನೂ ಒತ್ತಿಲ್ಲ’ ಅಂತ ಕೆಲವು ರಿಪೋರ್ಟ್ ಕಳಿಸಿ, ಆಮೇಲೆ ಕೆಲಸ ಶುರು ಮಾಡಿ. ಪೈಗೆ ಪವರ್ ಸ್ವಿಚ್ ಡಾಕಿನಿಂದಲೇ ಬರುತ್ತಿದ್ದರೆ ಅದನ್ನು ಬದಲಾಯಿಸಿ, ಬೇರೆ ಅಡಾಪ್ಟರ್ ಕೊಡಿ. ಇಲ್ಲದಿದ್ದರೆ ಯಾವಾಗಲೂ ಕನ್ಸೋಲ್ ಮುಂದೆ, ನೀವು ಹಿಂದೆ. ಮತ್ತೆ, ಇದನ್ನು ಆನ್‌ಲೈನ್ ಪಂದ್ಯಗಳಿಗೆ ಬಳಸಬೇಡಿ. ಎದುರಿಗೆ ಆಡುತ್ತಿರುವವರು ಮನುಷ್ಯರು.

‘ನಮ್ಮ ಮನೇಲಿ ತೊಂಬತ್ತರ ದಶಕದ ಕ್ಯಾಸೆಟ್ ವಿಡಿಯೋ ಗೇಮ್ ಇದೆ. ಅದಕ್ಕೆ ಇದೆಲ್ಲ ನಡೆಯುತ್ತಾ?’

ಒಳ್ಳೇ ಪ್ರಶ್ನೆ. ನಮ್ಮೂರುಗಳಲ್ಲಿ ಸಿಕ್ಕಿದ್ದು ಹೆಚ್ಚಾಗಿ ಎನ್‌ಇಎಸ್‌ನ ಜಪಾನಿ ರೂಪ ಫ್ಯಾಮಿಕಾಮ್‌ನ ನಕಲುಗಳು. ಅವುಗಳಲ್ಲಿ ಬೀಗದ ಚಿಪ್ ಇಲ್ಲ, ಹಾಗಾಗಿ ಒಂದು ಸೆಕೆಂಡಿನ ರೀಸೆಟ್ ಕಾಟ ಇಲ್ಲ. ಆದರೆ ನಮ್ಮ ಟಿವಿ ಪಾಲ್ ಪದ್ಧತಿಯದ್ದು, ಸೆಕೆಂಡಿಗೆ 50 ಫ್ರೇಮ್. ಅದಕ್ಕೆ ತಕ್ಕಂತೆ ಮಾಡಿದ ನಕಲುಗಳಲ್ಲಿ ಸಿಪಿಯು ವೇಗ ಹೆಚ್ಚು ಕಮ್ಮಿ ಅಷ್ಟೇ, 1.77 ಮೆಗಾಹರ್ಟ್ಜ್. ಫ್ರೇಮ್ ಮಾತ್ರ ಉದ್ದ. ಅಸಲಿ ಅಮೆರಿಕನ್ ಯಂತ್ರದಲ್ಲಿ ಒಂದು ಫ್ರೇಮಿಗೆ 29,780 ಸೈಕಲ್ ಸಿಕ್ಕರೆ ಇಲ್ಲಿ 35,464. ಗಡಿಯಾರ ನೋಡಿ 60ರಂತೆ ಕಳಿಸುವ ಕೋಡ್ ಇಲ್ಲಿ ಮೊದಲ ಸೆಕೆಂಡಿನಲ್ಲೇ ಹತ್ತು ಫ್ರೇಮ್ ತಪ್ಪುತ್ತದೆ. ಲ್ಯಾಚ್ ಎಣಿಸುವ ಕೋಡ್ ಚೆನ್ನಾಗಿಯೇ ಹೋಗುತ್ತದೆ, ಅಮೆರಿಕನ್ ಯಂತ್ರ ಲ್ಯಾಗ್ ಆಗುತ್ತಿದ್ದ ಜಾಗ ಬರುವವರೆಗೆ. ಅಲ್ಲಿ ನಿಮ್ಮ ಯಂತ್ರಕ್ಕೆ ಹೆಚ್ಚು ಸೈಕಲ್ ಇರುವುದರಿಂದ ಲ್ಯಾಗ್ ಆಗದೇ ಹೋಗಬಹುದು, ಆಗ ಲೆಕ್ಕ ತಪ್ಪುತ್ತದೆ. ಅದಕ್ಕೆ ಈ ಯಂತ್ರದ ಟೈಮಿಂಗ್ ಇರುವ ಎಮ್ಯುಲೇಟರಿನಲ್ಲಿ ಪಟ್ಟಿಯನ್ನೇ ಹೊಸದಾಗಿ ಮಾಡಬೇಕು. ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ‘ಡೆಂಡಿ’ ಅಂತ ಹುಡುಕಿ. ರಷ್ಯಾದಲ್ಲಿ ಮಾರಾಟವಾದ ಇಂಥದ್ದೇ ನಕಲಿನ ಹೆಸರು ಅದು. ಮತ್ತೆ ಕಂಟ್ರೋಲರ್ ಪೋರ್ಟು ಒಂಬತ್ತು ಪಿನ್ನಿನದ್ದಾಗಿದ್ದರೆ ಅಂತರ್ಜಾಲದ ಚಿತ್ರ ನಂಬಿ ವೈರ್ ಹಾಕಬೇಡಿ. ಯಾರು ಮಾಡಿದ ನಕಲು ಅನ್ನುವುದರ ಮೇಲೆ ಪಿನ್ ಜಾಗ ಬದಲಾಗಬಹುದು. ಮಲ್ಟಿಮೀಟರ್ ಇಟ್ಟು 5 ವೋಲ್ಟ್ ಯಾವುದು, ಗ್ರೌಂಡ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ, ಲಾಜಿಕ್ ಅನಲೈಸರಿನಲ್ಲಿ ಲ್ಯಾಚ್, ಕ್ಲಾಕ್ ಗುರುತಿಸಿ, ಆಮೇಲೆ ಪೀಕೊ ಜೋಡಿಸಿ.